ಎರಡು ನೀಲಿ, ಒಂದೇ ಗೂಡು: ಚೀಟಿ ನಂಬಿ ಕೆಟ್ಟ ಬ್ಯಾಂಟಮ್ ಜೋಡಿಯ ಕಥೆ

ಹತ್ತೊಂಬತ್ತು ಮರಿಗಳಲ್ಲಿ ಅಪ್ಪನ ಬಣ್ಣ ಒಂದಕ್ಕೂ ಬಂದಿರಲಿಲ್ಲ. ಹತ್ತು ಕಪ್ಪು, ಒಂಬತ್ತು ನೀಲಿ (ಕೋಳಿ ಸಾಕುವವರ ಭಾಷೆಯಲ್ಲಿ ನೀಲಿ ಅಂದರೆ ನೀಲಿ ಛಾಯೆಯ ಬೂದು). ಅಪ್ಪ ನೋಡಿದರೆ ತೆಳು ಮೋಡದ ಬಣ್ಣದ ಹುಂಜ. ಅವನ್ನು ಸಾಕಿದ ನನ್ನ ಗೆಳೆಯರೊಬ್ಬರ ಅನುಮಾನ ಮೊದಲು ಹೋದದ್ದು ಪಕ್ಕದ ಗೂಡಿನ ಕಪ್ಪು ಹುಂಜದ ಮೇಲೆ. ಬೇಲಿ ಹಾರಿ ಬಂದಿರಬೇಕು ಅಂತ. ಪಾಪ, ಅದು ಕಾಲಿನ ಬೆರಳ ತನಕ ಗರಿ ಹೊತ್ತ ಕೋಳಿ. ಒಂದು ಇಟ್ಟಿಗೆ ಹತ್ತಬೇಕಾದರೂ ಎರಡು ಸಲ ಯೋಚನೆ ಮಾಡುತ್ತದೆ.

ತಪ್ಪು ಹುಂಜದ್ದಲ್ಲ. ಗೂಡಿಗೆ ತೂಗುಹಾಕಿದ್ದ ಎರಡು ಚೀಟಿಗಳದ್ದು. ಅದಕ್ಕಿಂತ ಜಾಸ್ತಿ, ಆ ಚೀಟಿಗಳನ್ನು ಫೋನಿನಲ್ಲಿ ಓದಿ ಹೇಳಿದಾಗ "ಎರಡೂ ಒಂದೇ, ಸುಮ್ನೆ ಜೋಡಿ ಮಾಡಿ" ಅಂದ ನನ್ನದು. ಅದಕ್ಕೇ ಈ ಪ್ರಕರಣವನ್ನು ಬರೆದಿಡುತ್ತಿದ್ದೇನೆ.

ಬಂದದ್ದು ಹೇಗೆ

ಗೆಳೆಯರು ಅಲ್ಲಿಯವರೆಗೆ ಸಾಕಿದ್ದು ಬೆರಕೆ ಕೋಳಿಗಳನ್ನು. ಒಂದೇ ತಳಿ, ಒಂದೇ ಬಣ್ಣ ಇಟ್ಟುಕೊಂಡು ಪ್ರದರ್ಶನಕ್ಕೆ ಕಳಿಸಬೇಕು ಅನ್ನುವ ಆಸೆ ಹತ್ತಿತು. ಬ್ಯಾಂಟಮ್ ಅಂದರೆ ಪುಟ್ಟ ಕೋಳಿ. ಜಾಗ ಕಡಿಮೆ ಸಾಕು, ಮೇವು ಕಡಿಮೆ ಸಾಕು, ಮಕ್ಕಳೂ ಎತ್ತಿಕೊಳ್ಳಬಹುದು. ಒಬ್ಬ ಸಾಕಣೆದಾರರಿಂದ ಹುಂಜ ತಂದರು. ಅದರ ಚೀಟಿಯಲ್ಲಿ "ಕೊಚಿನ್ ಬ್ಯಾಂಟಮ್, ಸೆಲ್ಫ್ ಬ್ಲೂ" ಎಂದಿತ್ತು. ಇನ್ನೊಬ್ಬರಿಂದ ಮೂರು ಹೇಂಟೆ ತಂದರು. ಅವುಗಳ ಚೀಟಿಯಲ್ಲಿ "ಪೆಕಿನ್, ಬ್ಲೂ".

ಅವರು ಕೇಳಿದ್ದು ಎರಡು ಪ್ರಶ್ನೆ. ಕೊಚಿನ್ ಬ್ಯಾಂಟಮ್ ಮತ್ತು ಪೆಕಿನ್ ಒಂದೇನಾ? ಸೆಲ್ಫ್ ಬ್ಲೂ ಮತ್ತು ಬ್ಲೂ ಒಂದೇನಾ? ನಾನು ಒಂದೇ ಉಸಿರಿನಲ್ಲಿ ಎರಡಕ್ಕೂ ಹೌದು ಅಂದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂತಾರಲ್ಲ, ಹಾಗೆ. ಮೊದಲನೆಯದಕ್ಕೆ ನನ್ನ ಉತ್ತರ ಮುಕ್ಕಾಲು ಸರಿ. ಎರಡನೆಯದಕ್ಕೆ ಪೂರ್ತಿ ತಪ್ಪು.

ಹುಂಜ ಮಾರಿದವರು ಸಾಲದ್ದಕ್ಕೆ ಇನ್ನೊಂದು ಮಾತು ಸೇರಿಸಿದ್ದರು: "ಕೆಲವರು ಇದನ್ನ ಲ್ಯಾವೆಂಡರ್ ಅಂತಾನೂ ಅಂತಾರೆ." ಅದು ನೂರಕ್ಕೆ ನೂರು ನಿಜ. ಆದರೆ ಗೆಳೆಯರ ತಲೆಯಲ್ಲಿ ಅದು ಕೂತದ್ದು ಬೇರೆ ರೀತಿ. ಬ್ಲೂ, ಸೆಲ್ಫ್ ಬ್ಲೂ, ಲ್ಯಾವೆಂಡರ್, ಮೂರೂ ಒಂದೇ ಬಣ್ಣದ ಮೂರು ಹೆಸರು ಅಂತ.

ಒಂದು ಕೋಳಿ, ಎರಡು ಹೆಸರು

ಮೊದಲನೇ ಪ್ರಶ್ನೆಯನ್ನು ನೋಡೋಣ. ಗುಂಡಗೆ ಚೆಂಡಿನಂತಿರುವ, ಮೈತುಂಬಾ ಮೆತ್ತನೆ ಗರಿ, ಕಾಲಿಗೂ ಗರಿಯ ಗೊಂಚಲು ಇರುವ ಈ ಪುಟ್ಟ ಕೋಳಿಗೆ ಬ್ರಿಟನ್‌ನಲ್ಲಿ ಪೆಕಿನ್ ಎಂದು ಹೆಸರು. ಆಸ್ಟ್ರೇಲಿಯಾದಲ್ಲೂ ಅದೇ. ಅಮೆರಿಕದಲ್ಲಿ ಕೊಚಿನ್ ಬ್ಯಾಂಟಮ್. ಜರ್ಮನಿಯಲ್ಲಿ ಕುಬ್ಜ ಕೊಚಿನ್ ಎಂಬ ಅರ್ಥದ ಹೆಸರು. ಪೆಕಿನ್ ಹೆಸರಿನ ಹಿಂದೆ ಒಂದು ಕಥೆ ಓಡಾಡುತ್ತದೆ: 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಪೆಕಿಂಗ್‌ನ ಬೇಸಿಗೆ ಅರಮನೆಯನ್ನು ಲೂಟಿ ಮಾಡಿದಾಗ ಅಲ್ಲಿಂದ ಬಂದ ಕೋಳಿಗಳಿವು ಅಂತ. ಲೂಟಿಯಂತೂ ಇತಿಹಾಸ. ಕೋಳಿಗಳ ಪಾಲು ಎಷ್ಟು ನಿಜವೋ, ಕೇಳಲು ಚೆನ್ನಾಗಿದೆ.

ಸಣ್ಣ ಕೋಳಿಗಳ ಹೆಸರುಗಳೇ ಹೀಗೆ. ಬ್ಯಾಂಟಮ್ ಎನ್ನುವುದೇ ಜಾವಾದ ಒಂದು ಬಂದರಿನ ಹೆಸರು, ಈಗಿನ ಬಂತೆನ್. ಸೀಬ್ರೈಟ್ ಎನ್ನುವುದು ಆ ತಳಿಯನ್ನು ಮಾಡಿದ ಸರ್ ಜಾನ್ ಸೀಬ್ರೈಟ್ ಅವರ ಹೆಸರು. ಕೆಲವೊಮ್ಮೆ ಬಣ್ಣವೇ ತಳಿಯ ಹೆಸರಾಗಿ ಕೂತುಬಿಡುತ್ತದೆ. ಬೆಲ್ಜಿಯಂನ ಗಡ್ಡದ ಪುಟ್ಟ ಕೋಳಿ ಬಾರ್ಬ್ಯು ದ್ಯುಕ್ಲ್ ಅನ್ನು ಎಷ್ಟೋ ಜನ ಮಿಲ್ ಫ್ಲ್ಯೂರ್ ಎಂದೇ ಕರೆಯುತ್ತಾರೆ. ಮಿಲ್ ಫ್ಲ್ಯೂರ್ ಅಂದರೆ ಸಾವಿರ ಹೂ. ಅದು ಆ ತಳಿಯ ಒಂದು ಬಣ್ಣ ಅಷ್ಟೇ. ಅದೇ ಬಣ್ಣ ಬೇರೆ ತಳಿಯಲ್ಲೂ ಇದೆ, ಆ ತಳಿಯಲ್ಲಿ ಬೇರೆ ಬಣ್ಣಗಳೂ ಇವೆ. "ನಮ್ಮನೇಲಿ ಬಿಳಿ ಮಿಲ್ ಫ್ಲ್ಯೂರ್ ಇದೆ" ಅಂತ ಒಬ್ಬರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬಿಳಿ ಕೆಂಪು ಸೀರೆ ಅಂದ ಹಾಗೆ!

ಹಾಗಾದರೆ ಪೆಕಿನ್ ಮತ್ತು ಕೊಚಿನ್ ಬ್ಯಾಂಟಮ್ ಒಂದೇ ಅಂತ ಕೈ ತೊಳೆದುಕೊಳ್ಳಬಹುದಾ? ಪೂರ್ತಿ ಇಲ್ಲ. ಹೆಸರಿನ ಜೊತೆಗೇ, ತಳಿ ಹೇಗಿರಬೇಕು ಅಂತ ಹೇಳುವ ಒಂದು ಸ್ಟ್ಯಾಂಡರ್ಡ್ ಪುಸ್ತಕವೂ ಬರುತ್ತದೆ. ಪ್ರದರ್ಶನದಲ್ಲಿ ತೀರ್ಪುಗಾರರು ನೋಡುವುದು ಆ ಪುಸ್ತಕದ ಪ್ರಕಾರ. ಬ್ರಿಟನ್‌ನಲ್ಲಿ ಇಂಥ ಮೊದಲ ಪುಸ್ತಕ ಬಂದದ್ದು 1865ರಲ್ಲಿ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1873ರಲ್ಲಿ ಹುಟ್ಟಿ, ಮರುವರ್ಷ ತನ್ನ ಪುಸ್ತಕ ತಂದಿತು. ಬ್ಯಾಂಟಮ್‌ಗಳಿಗೇ ಅಂತ ಅಮೆರಿಕನ್ ಬ್ಯಾಂಟಮ್ ಅಸೋಸಿಯೇಷನ್ ಶುರುವಾದದ್ದು 1914ರಲ್ಲಿ.

ಅಮೆರಿಕದ ಕಣ್ಣಲ್ಲಿ ಈ ಕೋಳಿ, ಕೊಚಿನ್ ಎಂಬ ದೊಡ್ಡ ಕೋಳಿತಳಿಯ ಪುಟ್ಟ ರೂಪ. ದೊಡ್ಡದು ಹೇಗೋ ಚಿಕ್ಕದೂ ಹಾಗೆ ಇರಬೇಕು. ಬ್ರಿಟನ್‌ನವರ ಕಣ್ಣಲ್ಲಿ ಪೆಕಿನ್ ಸ್ವತಂತ್ರ ತಳಿ, ಅದಕ್ಕೆ ದೊಡ್ಡಣ್ಣ ಇಲ್ಲ. ಅವರು ಕೇಳುವುದು ಒಂದು ವಿಶೇಷ ಓಲು. ತಲೆ ಬಾಲಕ್ಕಿಂತ ಸ್ವಲ್ಪ ಕೆಳಗಿರಬೇಕು, ಮೈ ಮುಂದಕ್ಕೆ ಬಾಗಿದಂತೆ ಕಾಣಬೇಕು. ಒಳ್ಳೆಯ ಪೆಕಿನ್ ಹೇಂಟೆ ನಿಂತರೆ ನೆಲದಲ್ಲಿ ಬಿದ್ದ ನಾಣ್ಯ ಹುಡುಕುತ್ತಿರುವ ಹಾಗಿರುತ್ತದೆ. ಅಮೆರಿಕದ ಸಾಲಿನ, ಅಂದರೆ ವಂಶದ, ಕೋಳಿ ಅಷ್ಟು ಬಾಗುವುದಿಲ್ಲ. ತಲೆ ಎತ್ತಿ, ಎದೆ ಕೊಟ್ಟು ನಿಲ್ಲುತ್ತದೆ.

ತೂಕದಲ್ಲೂ ಹಾಗೇ. ಪೆಕಿನ್ ಹುಂಜಕ್ಕೆ ಬ್ರಿಟಿಷ್ ಪುಸ್ತಕ ಹೇಳುವುದು 680 ಗ್ರಾಂ, ಹೇಂಟೆಗೆ 570 ಗ್ರಾಂ. ಅಮೆರಿಕದ ಪುಸ್ತಕದ ಲೆಕ್ಕ ಇದಕ್ಕಿಂತ ಭಾರ. ಗೆಳೆಯರ ಮನೆಯಲ್ಲಿ ಮುಂದೆ ಹುಟ್ಟಿದ ಹೇಂಟೆಮರಿಯೊಂದು ಬೆಳೆದ ಮೇಲೆ 710 ಗ್ರಾಂ ತೂಗಿತು. ಒಂದು ಪುಸ್ತಕದಲ್ಲಿ ಅದು ಅತಿಭಾರದ ಕೋಳಿ. ಇನ್ನೊಂದರಲ್ಲಿ ಯಾರೂ ತಕರಾರು ಎತ್ತುವುದಿಲ್ಲ. ಅದೇ ಕೋಳಿ, ಅದೇ ತಕ್ಕಡಿ.

ಆದರೂ ಇಲ್ಲಿ ಆಗುವ ನಷ್ಟ ಸಣ್ಣದು. ಎರಡೂ ಸಾಲನ್ನು ಬೆರೆಸಿದರೆ ಮರಿಗಳು ನಡುವಿನ ರೂಪಕ್ಕೆ ಬರುತ್ತವೆ. ನಾಲ್ಕಾರು ವರ್ಷ ಆರಿಸಿ ಆರಿಸಿ ಬೆಳೆಸಿದರೆ ಬೇಕಾದ ಕಡೆಗೆ ತಿರುಗಿಸಬಹುದು. ಒಂದು ವಸ್ತುವಿಗೆ ಎರಡು ಹೆಸರಿದ್ದರೆ ಗೊಂದಲ ಆಗುತ್ತದೆ, ಅಷ್ಟೇ. ಎರಡು ವಸ್ತುವಿಗೆ ಒಂದೇ ಥರದ ಹೆಸರಿದ್ದರೆ ಒಂದು ಋತುವೇ ಹಾಳಾಗುತ್ತದೆ. ಹಾಗೆ ಆದದ್ದು ಬಣ್ಣದಲ್ಲಿ.

ಎರಡು ನೀಲಿ

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆ. ಕೋಳಿಯಲ್ಲಿ ನೀಲಿಗಿರೋದೆಲ್ಲ ನೀಲಿಯಲ್ಲ.

ಬ್ಲೂ ಎಂಬ ಬಣ್ಣ ಒಂದು ಅರೆಬರೆ ಬಣ್ಣ. ಕಪ್ಪನ್ನು ತೆಳುಮಾಡುವ ಒಂದು ಜೀನ್ ಇದೆ. ಅದು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ಕೋಳಿ ನೀಲಿ. ಇಬ್ಬರಿಂದಲೂ ಬಂದರೆ ಬಿಳುಪಿನ ಮೇಲೆ ಶಾಯಿ ಚಿಮುಕಿಸಿದಂತಾಗುತ್ತದೆ, ಅದಕ್ಕೆ ಸ್ಪ್ಲಾಶ್ ಅಂತಾರೆ. ಯಾರಿಂದಲೂ ಬಾರದಿದ್ದರೆ ಕಪ್ಪು. ಅದಕ್ಕೇ ನೀಲಿಗೆ ನೀಲಿ ಕೂಡಿಸಿದರೂ ಎಲ್ಲ ಮರಿ ನೀಲಿ ಆಗುವುದಿಲ್ಲ. ಅರ್ಧ ನೀಲಿ, ಕಾಲು ಭಾಗ ಕಪ್ಪು, ಕಾಲು ಭಾಗ ಸ್ಪ್ಲಾಶ್. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಬೇಟ್ಸನ್ ಮತ್ತು ಪನೆಟ್ ಎಂಬ ತಳಿವಿಜ್ಞಾನಿಗಳು ಆಂಡಲೂಸಿಯನ್ ಎಂಬ ತಳಿಯ ಕೋಳಿಗಳಲ್ಲಿ ಈ ಲೆಕ್ಕ ಬಿಡಿಸಿದ್ದರು. ಆಂಡಲೂಸಿಯನ್ ಸಾಕುವವರು ಕಪ್ಪು ಮತ್ತು ಸ್ಪ್ಲಾಶ್ ಮರಿಗಳನ್ನು ಕೆಲಸಕ್ಕೆ ಬಾರದವು ಅಂತ ತೆಗೆದುಹಾಕುತ್ತಿದ್ದರು. ತಮಾಷೆ ಏನೆಂದರೆ, ಆ ಎರಡು ಬೇಡದವುಗಳನ್ನೇ ಜೋಡಿ ಮಾಡಿದರೆ ಹುಟ್ಟುವ ಮರಿ ಒಂದೂ ಬಿಡದಂತೆ ನೀಲಿ.

ಲ್ಯಾವೆಂಡರ್ ಬೇರೆಯೇ ಜಾತಿ. ಅದು ಬೇರೆ ಜೀನ್, ಅಡಗಿ ಕೂರುವ ಸ್ವಭಾವದ್ದು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸುತ್ತದೆ. ಒಬ್ಬರಿಂದ ಬಂದರೆ ಕೋಳಿ ಮಾಮೂಲಿ ಬಣ್ಣದಲ್ಲೇ ಇರುತ್ತದೆ, ಒಳಗೆ ಗುಟ್ಟು ಇಟ್ಟುಕೊಂಡು. ಇದಕ್ಕೆ ಕಾರಣವಾದ ಬದಲಾವಣೆ ಮೆಲನೋಫಿಲಿನ್ ಎಂಬ ಜೀನ್‌ನಲ್ಲಿದೆ ಅಂತ 2008ರಲ್ಲಿ ಗೊತ್ತಾಯಿತು. ಬಣ್ಣದ ಕಣಗಳೇನೋ ತಯಾರಾಗುತ್ತವೆ, ಗರಿಯೊಳಗೆ ಸಮನಾಗಿ ಹರಡುವುದಿಲ್ಲ. ಅಲ್ಲಲ್ಲಿ ಗುಂಪುಗೂಡುತ್ತವೆ. ಹಾಗಾಗಿ ಕಪ್ಪು ತೆಳು ಬೆಳ್ಳಿಯಾಗುತ್ತದೆ, ಕೆಂಪು ಒಣಹುಲ್ಲಿನ ಬಣ್ಣವಾಗುತ್ತದೆ. ಲ್ಯಾವೆಂಡರ್‌ಗೆ ಲ್ಯಾವೆಂಡರ್ ಕೂಡಿಸಿದರೆ ಎಲ್ಲ ಮರಿಯೂ ಲ್ಯಾವೆಂಡರ್.

ಹಾಗಿದ್ದರೆ ಸೆಲ್ಫ್ ಬ್ಲೂ ಯಾವುದು? ಕೋಳಿ ಸಾಕುವವರ ಭಾಷೆಯಲ್ಲಿ ಸೆಲ್ಫ್ ಅಂದರೆ ಮೈಯೆಲ್ಲ ಒಂದೇ ಬಣ್ಣ. ಅಮೆರಿಕದವರು ಲ್ಯಾವೆಂಡರ್ ಕೋಳಿಯನ್ನು ನೋಡಿ, ಅಂಚಿಲ್ಲದ ಸಮ ನೀಲಿ ಅನ್ನುವ ಅರ್ಥದಲ್ಲಿ ಸೆಲ್ಫ್ ಬ್ಲೂ ಅಂತ ಪುಸ್ತಕಕ್ಕೆ ಹಾಕಿದರು. ಕಣ್ಣಿಗೆ ಕಂಡದ್ದಕ್ಕೆ ಇಟ್ಟ ಹೆಸರು. ಹುಟ್ಟಿನ ಲೆಕ್ಕಕ್ಕೆ ಅದಕ್ಕೂ ಬ್ಲೂಗೂ ನೆಂಟಸ್ತಿಕೆಯೇ ಇಲ್ಲ. ಬ್ರಿಟಿಷ್ ಪುಸ್ತಕ ಈ ವಿಷಯದಲ್ಲಿ ಹುಷಾರು. ಲ್ಯಾವೆಂಡರ್ ಎಂದರೆ ನೀಲಿಯ ತಿಳಿ ಛಾಯೆ ಅಲ್ಲ, ಅದು ಬೇರೆಯೇ ಬಣ್ಣ ಎಂದು ಬಿಡಿಸಿಯೇ ಹೇಳುತ್ತದೆ. ಹೆಸರಿಡುವ ಕೆಲಸದಲ್ಲಿ ನನ್ನ ಓಟು ಬ್ರಿಟನ್‌ಗೆ. ಸೆಲ್ಫ್ ಬ್ಲೂ ಅನ್ನುವ ಹೆಸರು ಹೊಸಬರಿಗೆ ತೋಡಿದ ಗುಂಡಿ.

ಈಗ ನಮ್ಮ ಜೋಡಿಗೆ ಲೆಕ್ಕ ಹಾಕಿ. ಹುಂಜ ಲ್ಯಾವೆಂಡರ್, ಅದರಲ್ಲಿ ಬ್ಲೂ ಜೀನ್ ಇಲ್ಲ. ಹೇಂಟೆಗಳು ಬ್ಲೂ, ಅವುಗಳಲ್ಲಿ ಲ್ಯಾವೆಂಡರ್ ಜೀನ್ ಇಲ್ಲ. ಮರಿಗಳಿಗೆ ಲ್ಯಾವೆಂಡರ್ ಅಪ್ಪನಿಂದ ಮಾತ್ರ ಸಿಗುತ್ತದೆ, ಹಾಗಾಗಿ ಯಾವುದರಲ್ಲೂ ಕಾಣುವುದಿಲ್ಲ. ಬ್ಲೂ ಅಮ್ಮನಿಂದ ಅರ್ಧ ಮರಿಗಳಿಗೆ ಸಿಗುತ್ತದೆ. ಅರ್ಧ ನೀಲಿ, ಅರ್ಧ ಕಪ್ಪು, ಲ್ಯಾವೆಂಡರ್ ಸೊನ್ನೆ. ಹತ್ತೊಂಬತ್ತರಲ್ಲಿ ಹತ್ತು ಮತ್ತು ಒಂಬತ್ತು. ಪುಸ್ತಕ ನೋಡಿ ಮರಿ ಹಾಕಿದ ಹಾಗೆ ಬಂದಿತ್ತು.

ಇದೆಲ್ಲ ಆಮೇಲೆ ಹಾಕಿದ ಲೆಕ್ಕ. ಆಗ ನಡೆದದ್ದೇ ಬೇರೆ.

ನಯವಾದ ಬೂದು ಮರಿಗಳು

ಬ್ಯಾಂಟಮ್ ಮೊಟ್ಟೆಗಳು 21 ದಿನಕ್ಕೆ ಕಾಯುವುದಿಲ್ಲ, ಎಷ್ಟೋ ಸಲ ಒಂದೆರಡು ದಿನ ಮುಂಚೆಯೇ ಒಡೆಯುತ್ತವೆ. 20ನೇ ದಿನ ಬೆಳಗ್ಗೆ ಗೆಳೆಯರ ಫೋನು. ಹತ್ತು ಕಪ್ಪು ಮರಿ, ಹೊಟ್ಟೆ ಮಾತ್ರ ಬಿಳಿ. ಒಂಬತ್ತು ಬೂದು ಮರಿ. "ಒಂಬತ್ತು ಅಪ್ಪನ ಥರ ಬಂದಿವೆ!" ಎಂದರು. ಒಂದು ದಿನದ ಮರಿಯ ನವಿರು ನೋಡಿ ಬ್ಲೂ ಮತ್ತು ಲ್ಯಾವೆಂಡರ್ ಬೇರೆ ಮಾಡಲು ಪಳಗಿದ ಕಣ್ಣು ಬೇಕು. ಬ್ಲೂ ಮರಿ ಹೊಗೆಬೂದು. ಲ್ಯಾವೆಂಡರ್ ಮರಿ ಅದಕ್ಕಿಂತ ತಿಳಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಅವರ ಬಳಿ ಅಕ್ಕಪಕ್ಕ ಇಡಲು ಇದ್ದದ್ದು ಒಂದೇ ಥರದ ಬೂದು.

ಎಂಟು ವಾರಕ್ಕೆ ಗರಿ ಬಂದಾಗ ಬಣ್ಣ ಕಡುವಾಗುತ್ತಿದೆ ಅಂತ ಹೇಳಿದರು. "ಬೆಳೆದ ಮೇಲೆ ತಿಳಿಯಾಗುತ್ತೆ ಬಿಡಿ" ಅಂದೆ. ಅದೂ ನಾನೇ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹಟ ಅಲ್ಲ, ನಿಜವಾಗಿಯೂ ನಾನು ನಂಬಿದ್ದೆ. ಆ ಹೊತ್ತಿಗೆ ನಾನು ಸಾಕಿದ್ದದ್ದು ಬಿಳಿ ಮತ್ತು ಕಪ್ಪು ಕೋಳಿ ಮಾತ್ರ. ನೀಲಿಯ ಬಗ್ಗೆ ನನಗಿದ್ದ ಜ್ಞಾನ ಪೂರ್ತಿ ಕೇಳಿದ ಮಾತು.

ಒಂಬತ್ತರಲ್ಲಿ ಚೆಂದದ ಒಂದು ಹೇಂಟೆಯನ್ನು, ಆ 710 ಗ್ರಾಂನದ್ದನ್ನೇ, ಪ್ರದರ್ಶನಕ್ಕೆ ಒಯ್ದರು. ಅಲ್ಲಿನ ಪಟ್ಟಿಯಲ್ಲಿ ತಳಿ ಪೆಕಿನ್, ಅಂದರೆ ನೋಡುವುದು ಬ್ರಿಟಿಷ್ ಪುಸ್ತಕ. ಬಣ್ಣಗಳ ಪಟ್ಟಿಯಲ್ಲಿ ಬ್ಲೂ ಇತ್ತು, ಲ್ಯಾವೆಂಡರ್ ಬೇರೆ ಇತ್ತು. ಅಪ್ಪ ಲ್ಯಾವೆಂಡರ್ ಅಂತ ಹೇಳಿದ್ದಾರಲ್ಲ, ಮಗಳೂ ಅದೇ ಅಂತ ಲ್ಯಾವೆಂಡರ್ ವರ್ಗಕ್ಕೆ ಹೆಸರು ಬರೆಸಿದರು. ಪಟ್ಟಿಯಲ್ಲಿ ಎರಡೂ ಬೇರೆ ಬೇರೆ ಇದ್ದದ್ದು ನೋಡಿಯೂ ಅನುಮಾನ ಬರಲಿಲ್ಲ. ನಾವು ನಂಬಿದ್ದನ್ನು ಪಟ್ಟಿಯಲ್ಲೂ ಹುಡುಕಿಕೊಳ್ಳುತ್ತೇವೆ, ಅಲ್ವಾ?

ತೀರ್ಪುಗಾರರು ಪಂಜರದಿಂದ ಹೇಂಟೆಯನ್ನು ತೆಗೆದು ಎಡಗೈ ಮೇಲೆ ಕೂರಿಸಿಕೊಂಡರು. ರೆಕ್ಕೆ ಬಿಡಿಸಿದರು. ಬೆನ್ನಿನ ಗರಿಯೊಂದನ್ನು ಹೆಬ್ಬೆರಳಿನಿಂದ ಮೇಲೆತ್ತಿ ಬೆಳಕಿಗೆ ತಿರುಗಿಸಿದರು. ಪಂಜರಕ್ಕೆ ವಾಪಸ್ ಬಿಟ್ಟು, ಅದು ಹೇಗೆ ನಿಲ್ಲುತ್ತದೆ ಅಂತ ಒಂದು ನಿಮಿಷ ನೋಡಿದರು. ಕಾರ್ಡಿನಲ್ಲಿ ಬರೆದದ್ದು ಮೂರು ಸಣ್ಣ ಸಾಲು: ವರ್ಗ ತಪ್ಪು, ಇದು ಬ್ಲೂ. ಅಂಚು ಜಾಸ್ತಿ. ಓಲು ಕಡಿಮೆ.

ಮೂರನೆಯದು ಅಪ್ಪನ ಅಮೆರಿಕದ ಸಾಲಿನಿಂದ ಬಂದದ್ದು. ಎರಡನೆಯದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಅಮೆರಿಕದ ಪುಸ್ತಕದಲ್ಲಿ ಬಹಳಷ್ಟು ತಳಿಗಳ ಬ್ಲೂಗೆ ಗರಿಯ ಸುತ್ತ ಕಡು ಅಂಚು ಇರಬೇಕು, ಅದೇ ಅದರ ಅಂದ. ಬ್ರಿಟಿಷ್ ಪೆಕಿನ್‌ನಲ್ಲಿ ಬ್ಲೂ ಅಂದರೆ ಪಾರಿವಾಳದ ನೀಲಿ, ಅಂಚು ಇರಲೇಬಾರದು. ಅಂದರೆ ಈ ಹೇಂಟೆಯನ್ನು ಸರಿಯಾದ ವರ್ಗದಲ್ಲಿ, ಬ್ಲೂ ಅಂತಲೇ ಇಟ್ಟಿದ್ದರೂ ಅಲ್ಲಿ ಅಂಕ ಕಳೆದುಕೊಳ್ಳುತ್ತಿತ್ತು. ಬ್ಲೂ ಎಂಬ ಒಂದೇ ಪದಕ್ಕೂ ಎರಡು ಪುಸ್ತಕದಲ್ಲಿ ಎರಡು ಅರ್ಥ.

ಮೇಜಿನ ಮೇಲೆ ಎರಡು ಗರಿ

ಪ್ರದರ್ಶನ ಮುಗಿದ ವಾರ ನಾನು ಅವರ ಮನೆಗೆ ಹೋದೆ. ಬೈಸಿಕೊಳ್ಳುವ ತಯಾರಿ ಮಾಡಿಕೊಂಡೇ ಹೋಗಿದ್ದೆ. ಬೈಯಲಿಲ್ಲ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಉದುರಿದ ಗರಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಎಡಗಡೆ ಹುಂಜದ್ದು, ಬಲಗಡೆ ಮಗಳದ್ದು.

ಬಲಗಡೆಯ ಗರಿ ಸ್ಲೇಟಿನ ಬಣ್ಣ. ನಡುವೆ ಸ್ವಲ್ಪ ತಿಳಿ, ಅಂಚಿಗೆ ಬರುತ್ತಾ ಕಡು. ಕಾಡಿಗೆ ಎಳೆದ ಹಾಗೆ ಒಂದು ಗೆರೆ ಸುತ್ತ ಓಡಿತ್ತು. ಎಡಗಡೆಯದಕ್ಕೆ ಅಂಚೇ ಇಲ್ಲ. ಬುಡದಿಂದ ತುದಿಯವರೆಗೆ ಒಂದೇ ತಿಳಿ ಬೆಳ್ಳಿ. ಇನ್ನೂ ಒಂದು ವ್ಯತ್ಯಾಸ ಕೈಗೆ ಸಿಕ್ಕಿತು, ಕಣ್ಣಿಗಲ್ಲ. ಹುಂಜದ ಗರಿಯನ್ನು ಬೆರಳ ನಡುವೆ ಎಳೆದರೆ ಎಳೆಗಳು ಬಿಟ್ಟುಕೊಂಡವು, ತುದಿ ಪೀಚಲು ಪೀಚಲು. ಮಗಳ ಗರಿ ಬಿಗಿಯಾಗಿ, ಒತ್ತಾಗಿ ಇತ್ತು. ಲ್ಯಾವೆಂಡರ್‌ಗೆ ಲ್ಯಾವೆಂಡರ್ ಕೂಡಿಸುತ್ತಲೇ ಹೋದ ಸಾಲುಗಳಲ್ಲಿ ಗರಿ ಹೀಗೆ ಬಡವಾಗುವುದು ಸಾಕುವವರಿಗೆ ಗೊತ್ತಿರುವ ತೊಂದರೆ. ಮರಿಗಳಿಗೆ ಗರಿ ಬರುವುದೂ ತಡ.

ಮೂರನೇ ಸಾಕ್ಷಿ ಒಂದು ಗಂಡು ಮರಿಯದ್ದು. ನೀಲಿ ಮೈ, ಆದರೆ ಕುತ್ತಿಗೆಯಲ್ಲಿ ಹಿತ್ತಾಳೆ ಬಣ್ಣದ ನಾಲ್ಕೈದು ಎಳೆ ಸೋರಿತ್ತು. ಪ್ರದರ್ಶನದ ಲೆಕ್ಕಕ್ಕೆ ಅದು ದೋಷ. ನಮಗೆ ಅದೇ ಉಪಕಾರವಾಯಿತು. ಬ್ಲೂ ಜೀನ್ ಕಪ್ಪನ್ನು ಮಾತ್ರ ತೆಳು ಮಾಡುತ್ತದೆ, ಕೆಂಪು ಚಿನ್ನದ ಬಣ್ಣವನ್ನು ಮುಟ್ಟುವುದಿಲ್ಲ. ಲ್ಯಾವೆಂಡರ್ ಆಗಿದ್ದರೆ ಆ ಎಳೆಗಳು ಒಣಹುಲ್ಲಿನಂತೆ ಸಪ್ಪೆಯಾಗಿರಬೇಕಿತ್ತು. ಇವು ಉಜ್ಜಿದ ಚೊಂಬಿನ ಹಾಗೆ ಹೊಳೆಯುತ್ತಿದ್ದವು.

ಲ್ಯಾವೆಂಡರ್ ಅಪ್ಪನಿಗೇ ಇಂಥ ಮರಿಗಳು ಹುಟ್ಟುತ್ತವೆ ಅಂತಾದ ಮೇಲೆ, ಪಕ್ಕದ ಗೂಡಿನ ಕಪ್ಪು ಹುಂಜದ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಮಾರಿದ ಇಬ್ಬರೂ ಮೋಸ ಮಾಡಿದರಾ? ಗೆಳೆಯರ ಮನೆಯವರು ಮೊದಲು ಹಾಗೇ ಅಂದುಕೊಂಡಿದ್ದರು. ನನಗೆ ಹಾಗನಿಸುವುದಿಲ್ಲ. ಹುಂಜದ ಚೀಟಿ ಅಮೆರಿಕದ ಪುಸ್ತಕದ ಭಾಷೆಯಲ್ಲಿ ಸರಿ, ತಳಿಯೂ ಸರಿ, ಬಣ್ಣವೂ ಸರಿ. ಹೇಂಟೆಗಳ ಚೀಟಿ ಬ್ರಿಟಿಷ್ ಭಾಷೆಯಲ್ಲಿ ಸರಿ. ಯಾವ ಪುಸ್ತಕ ಅಂತ ಮಾತ್ರ ಇಬ್ಬರೂ ಬರೆಯಲಿಲ್ಲ. ಬರೆಯಬೇಕು ಅಂತ ಅವರಿಗೆ ಹೊಳೆಯುವುದೂ ಇಲ್ಲ, ಏಕೆಂದರೆ ಅವರಿಗೆ ಇರುವುದು ಒಂದೇ ಪುಸ್ತಕ. ಎರಡು ಪುಸ್ತಕದ ಕೋಳಿಗಳು ಒಂದೇ ಗೂಡಿಗೆ ಬಂದದ್ದು ನಮ್ಮಲ್ಲಿ. ಕೇಳಬೇಕಾದವರು ನಾವು. ಹೆಸರನ್ನು ಬಿಟ್ಟು ಮೂರು ಮಾತು ಕೇಳಿದ್ದರೆ ಸಾಕಿತ್ತು: ಇದರ ಅಪ್ಪ ಅಮ್ಮ ಯಾವ ಬಣ್ಣ, ಇದರ ಜೊತೆ ಹುಟ್ಟಿದವು ಯಾವ ಬಣ್ಣ, ಇದೇ ಬಣ್ಣಕ್ಕೆ ಕೂಡಿಸಿದರೆ ಏನೇನು ಬರುತ್ತದೆ. ಬ್ಲೂ ಸಾಕುವವರು "ಕಪ್ಪು, ಸ್ಪ್ಲಾಶ್ ಎಲ್ಲ ಬರುತ್ತೆ" ಅನ್ನುತ್ತಾರೆ. ಲ್ಯಾವೆಂಡರ್ ಸಾಕುವವರು "ಎಲ್ಲ ಇದೇ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಎರಡನೇ ವರ್ಷ

ಮುಂದೇನು ಅಂತ ಕೂತು ಮಾತಾಡಿದೆವು. ಮೊದಲು ತೀರ್ಮಾನ ಆಗಬೇಕಿದ್ದದ್ದು ಬಣ್ಣ ಅಲ್ಲ, ಯಾವ ಪುಸ್ತಕ ಹಿಡಿಯುವುದು ಅಂತ. ಅವರು ಹೋಗುವ ಪ್ರದರ್ಶನಗಳಲ್ಲಿ ಪಟ್ಟಿ ಪೆಕಿನ್ ಎಂದೇ ಇತ್ತು. ಹಾಗಾಗಿ ಬ್ರಿಟಿಷ್ ಪುಸ್ತಕ. ಬಣ್ಣ ಲ್ಯಾವೆಂಡರ್, ಅದು ಅವರ ಮೊದಲಿನ ಆಸೆ.

ಆಮೇಲೆ ಹತ್ತೊಂಬತ್ತು ಮರಿಗಳನ್ನು ನೋಡಿದಾಗ ಒಂದು ವಿಷಯ ಹೊಳೆಯಿತು. ಲ್ಯಾವೆಂಡರ್ ಗರಿ ಬಡವಾದಾಗ ಪಳಗಿದವರು ಮಾಡುವುದೇನು? ಒಳ್ಳೆಯ ಗಟ್ಟಿ ಗರಿಯ ಕಪ್ಪು ಕೋಳಿಗೆ ಕೂಡಿಸುತ್ತಾರೆ. ಹುಟ್ಟುವ ಕಪ್ಪು ಮರಿಗಳು ಒಳಗೆ ಲ್ಯಾವೆಂಡರ್ ಹೊತ್ತಿರುತ್ತವೆ. ಅವನ್ನು ಮತ್ತೆ ಲ್ಯಾವೆಂಡರ್‌ಗೆ ಕೂಡಿಸುತ್ತಾರೆ. ನಮ್ಮ ಹತ್ತು ಕಪ್ಪು ಮರಿಗಳು ಥೇಟ್ ಅಂಥವೇ. ಅಂದರೆ ತಪ್ಪಿನಿಂದ ಆದ ಜೋಡಿಯಲ್ಲಿ ಅರ್ಧ ಭಾಗ, ತಿಳಿದವರು ಬೇಕೆಂದೇ ಮಾಡುವ ಕೆಲಸ.

ಇನ್ನರ್ಧ, ಆ ಒಂಬತ್ತು ನೀಲಿ, ತೊಂದರೆಯವು. ಅವುಗಳಲ್ಲಿ ಎರಡೂ ಜೀನ್ ಇವೆ. ಲ್ಯಾವೆಂಡರ್ ಹುಂಜಕ್ಕೆ ಕೂಡಿಸಿದರೆ ನಾಲ್ಕು ಥರ ಬರುತ್ತವೆ: ಕಪ್ಪು, ನೀಲಿ, ಲ್ಯಾವೆಂಡರ್, ಮತ್ತು ಎರಡೂ ಸೇರಿದ ಒಂದು ತೀರಾ ಬಿಳಿಚಿದ ಬಣ್ಣ. ಈ ನಾಲ್ಕನೆಯದು ಮಹಾ ಕಿರಿಕಿರಿ. ತಿಳಿ ಲ್ಯಾವೆಂಡರ್ ಅಂತ ಯಾರಾದರೂ ಇಟ್ಟುಕೊಂಡರೆ, ಅದರೊಳಗಿನ ಬ್ಲೂ ಮತ್ತೆ ಸಾಲಿಗೆ ಸೇರಿಕೊಂಡು ಮುಂದಿನ ವರ್ಷಗಳಲ್ಲಿ ಎಲ್ಲೆಲ್ಲೋ ತಲೆ ಎತ್ತುತ್ತದೆ. ಲ್ಯಾವೆಂಡರ್ ಸಾಲಿಗೆ ಬ್ಲೂ ಬಿಡಬೇಡಿ ಅಂತ ಹಳಬರು ಹೇಳುವುದು ಇದಕ್ಕೇ. ನೀಲಿಗಳನ್ನೆಲ್ಲ, ಬರೀ ಅಂಗಳದ ಅಂದಕ್ಕೆ ಸಾಕುವವರಿಗೆ, ಒಳಗೆ ಏನಿದೆ ಅಂತ ಬರೆದುಕೊಟ್ಟೇ ಕಳಿಸುವುದೆಂದು ತೀರ್ಮಾನವಾಯಿತು.

ಹತ್ತು ಕಪ್ಪು ಮರಿಗಳಲ್ಲಿ ಹೇಂಟೆ ಆರು. ಅವುಗಳಲ್ಲಿ ಮುಂದಕ್ಕೆ ಚೆನ್ನಾಗಿ ಓಲುವ, ಕಾಲಗರಿ ತುಂಬಿದ ನಾಲ್ಕನ್ನು ಆರಿಸಿದರು. ಆರಿಸಿದ ರೀತಿ ಚೆನ್ನಾಗಿತ್ತು. ಗೂಡಿನ ಮುಂದೆ ನೆಲಮಟ್ಟಕ್ಕೆ ಕೂತು, ಕೋಳಿಯ ಕಣ್ಣಿಗೂ ಬಾಲದ ತುದಿಗೂ ಒಂದು ಕಡ್ಡಿ ಹಿಡಿದು, ಯಾವ ಕಡೆ ಇಳಿಜಾರು ಅಂತ ನೋಡಿದರು. ಮೇಲಿನಿಂದ ನಿಂತು ನೋಡಿದರೆ ಎಲ್ಲ ಪೆಕಿನ್ನೂ ಚೆಂಡೇ. ಜೋಡಿಗೆ ಅದೇ ಹುಂಜ, ಅಂದರೆ ಅವುಗಳ ಅಪ್ಪ. ಒಂದು ತಲೆಮಾರಿಗೆ ಇದನ್ನು ಬ್ಯಾಂಟಮ್ ಸಾಕುವವರು ಮಾಡುತ್ತಾರೆ. ಪದೇ ಪದೇ ಮಾಡಿದರೆ ಮೊಟ್ಟೆ ಬರಡಾಗುತ್ತದೆ, ಮರಿ ಸೊರಗುತ್ತದೆ. ಮೂರನೇ ವರ್ಷಕ್ಕೆ ಹೊರಗಿನ ಹುಂಜ ಬೇಕೇ ಬೇಕು ಅಂತ ಗೋಡೆಯ ಮೇಲೆ ಬರೆದಿಟ್ಟರು.

ಆ ವರ್ಷ ಇಪ್ಪತ್ತಾರು ಮರಿ ಬಂದವು. ಹದಿನಾಲ್ಕು ಕಪ್ಪು, ಹನ್ನೆರಡು ಲ್ಯಾವೆಂಡರ್. ಈ ಸಲ ಫೋನು ಬಂದದ್ದು ಮರಿ ಒಡೆದ ದಿನ ಅಲ್ಲ. ಎಂಟು ವಾರ ಕಾದು, ಪ್ರತಿ ಮರಿಯ ಬೆನ್ನಿನ ಗರಿ ಎತ್ತಿ ನೋಡಿ, ಅಂಚಿಲ್ಲ ಅಂತ ಖಾತ್ರಿಯಾದ ಮೇಲೆ ಹೇಳಿದರು. ಗರಿಯೂ ಅಪ್ಪನದಕ್ಕಿಂತ ಒತ್ತಾಗಿತ್ತು.

ಹೋದ ತಿಂಗಳು ಹೋದಾಗ ಗೂಡುಗಳಿಗೆ ಹೊಸ ಚೀಟಿ ಬಿದ್ದಿದ್ದವು. ತಳಿ, ಅದರ ಪಕ್ಕ ಯಾವ ಪುಸ್ತಕ, ಬಣ್ಣ, ಅಪ್ಪನ ಬಣ್ಣ, ಅಮ್ಮನ ಬಣ್ಣ, ಒಳಗೆ ಹೊತ್ತಿರುವುದು. ಹುಂಜದ ಚೀಟಿಯಲ್ಲಿ ಸೆಲ್ಫ್ ಬ್ಲೂ ಅನ್ನುವುದನ್ನು ಹೊಡೆದುಹಾಕದೆ ಹಾಗೇ ಬಿಟ್ಟು, ಕೆಳಗೆ "ಅಮೆರಿಕದಲ್ಲಿ" ಅಂತ ಸೇರಿಸಿದ್ದರು.

ಕೊನೆಯ ಗೂಡಿನಲ್ಲಿ ಒಂದೇ ಒಂದು ಕೋಳಿ. ಹೆಚ್ಚೂಕಡಿಮೆ ಬಿಳಿ, ಬಿಸಿಲಿಗೆ ತಿರುಗಿದರೆ ಮಾತ್ರ ನೀಲಿಯ ನೆರಳು. ಕಳಿಸಬೇಕಿದ್ದ ನೀಲಿ ಹೇಂಟೆಗಳಲ್ಲಿ ಒಂದನ್ನು ಅವರು ಗುಟ್ಟಾಗಿ ಉಳಿಸಿಕೊಂಡಿದ್ದರಂತೆ. ಪ್ರದರ್ಶನಕ್ಕೆ ಹೋದವಳೇ. ಅವಳ ಮೂರು ಮೊಟ್ಟೆಯನ್ನು ಸುಮ್ನೆ ಕಾವಿಗೆ ಇಟ್ಟಿದ್ದರು, ಆ ನಾಲ್ಕನೇ ಬಣ್ಣ ಹೇಗಿರುತ್ತದೆ ಅಂತ ನೋಡಬೇಕಿತ್ತಂತೆ. ಚೆಂದ ಇದೆ ಅಂತ ನಾನು ಒಪ್ಪಿಕೊಳ್ಳಲೇಬೇಕಾಯಿತು. ಅದರ ಚೀಟಿಯಲ್ಲಿ ತಳಿ ಇದೆ, ಪುಸ್ತಕ ಇದೆ, ಅಪ್ಪ ಅಮ್ಮ ಇದ್ದಾರೆ. ಬಣ್ಣದ ಜಾಗ ಖಾಲಿ ಇದೆ. ಏನು ಬರೆಯಲಿ ಅಂತ ಕೇಳಿದರು. ಈ ಸಲ ನಾನು ಬಾಯಿ ಬಿಡಲಿಲ್ಲ.